ತಮ್ಮನ ಪುಟಕ್ಕೊಂದು ಯುಪಿಎಸ್

ಟೆಚಿಮಾನ್
ಏಪ್ರಿಲ್ 14, 2015

ಅಂಪೊಮಾ,

ಇನ್ನು ಫೋನ್ ಮಾಡಬೇಡ. ಮೊನ್ನೆ ನೀನು ಕೂಗಿದ್ದು, ನಾನು ಕೂಗಿದ್ದು ಎಲ್ಲವನ್ನೂ ಪಕ್ಕದ ಮನೆಯವರು ಕೇಳಿಸಿಕೊಂಡು ಸಂಜೆ ನನಗೇ ಬಂದು ಒಪ್ಪಿಸಿದರು. ಇನ್ನು ಮೇಲೆ ಕಾಗದವೇ. ಟೆಮಾ ಬಸ್ಸಿನ ಡ್ರೈವರುಗಳೆಲ್ಲ ನನ್ನ ಕೈಯಲ್ಲಿ ಬೈಸಿಕೊಂಡು ಗೇರ್ ಹಾಕಲು ಕಲಿತವರು. ಕವರ್ ಕೊಟ್ಟರೆ ಮರುದಿನ ನಿನ್ನ ಕೈಯಲ್ಲಿರುತ್ತದೆ. ಕಾಗದದಲ್ಲಿ ನೀನು ಎಷ್ಟು ಕೂಗಿದರೂ ನನಗೆ ಕೇಳಿಸುವುದಿಲ್ಲ, ಅದೊಂದು ಲಾಭ.

ನೀನು ಕೇಳಿದ್ದಕ್ಕೆ ಉತ್ತರ: ಆಗಿಲ್ಲ. ನಿನ್ನ ಅಮ್ಮನ ಸಂಸ್ಕಾರದ ದಿನ ಹಂಚುವ ಪುಸ್ತಕಕ್ಕೆ ಮಕ್ಕಳ ಪುಟ ಬಂತು, ಮೊಮ್ಮಕ್ಕಳದ್ದು ಬಂತು, ಚರ್ಚಿನ ಹೆಂಗಸರದ್ದು ಬಂತು, ಟೊಮೆಟೊ ಮಾರುವವರ ಸಂಘದ್ದೂ ಬಂತು. ತಮ್ಮನ ಪುಟ ಒಂದು ಬಾಕಿ. ನಮ್ಮಮ್ಮನ ಹತ್ತು ಮಕ್ಕಳಲ್ಲಿ ಉಳಿದವನು ನಾನೊಬ್ಬನೇ, ಅದನ್ನು ಬರೆಯಬೇಕಾದವನೂ ನಾನೇ, ಅವಳ ಶವಪೆಟ್ಟಿಗೆಯ ಪಕ್ಕ ನಿಂತು ಓದಬೇಕಾದವನೂ ನಾನೇ. ನೀನು ನೆನಪಿಸಬೇಕಾಗಿಲ್ಲ. ಪುಟ ಖಾಲಿ ಬಿಟ್ಟರೆ ಮಾರ್ಕೆಟ್ಟಿನಲ್ಲಿ ಏನಂತಾರೆ ಅನ್ನುವುದೂ ಗೊತ್ತು. 'ಡ್ರೈವರ್ ಯಾವ್ ಬಡು ತನ್ನ ಅಕ್ಕನ ಹತ್ತಿರ ಮೂರು ವರ್ಷ ಮಾತು ಬಿಟ್ಟಿದ್ದ, ಸತ್ತ ಮೇಲೂ ಬಾಯಿ ಬಿಡಲಿಲ್ಲ' ಅಂತಾರೆ.

ತಪ್ಪು ನನ್ನದಲ್ಲ, ಕರೆಂಟಿನದು. ಹನ್ನೆರಡು ತಾಸು ಇರುತ್ತೆ, ಇಪ್ಪತ್ನಾಲ್ಕು ತಾಸು ಹೋಗುತ್ತೆ. ಅದಕ್ಕೊಂದು ಪಟ್ಟಿ ಬೇರೆ ಹಾಕಿದ್ದಾರೆ. ಆ ಪಟ್ಟಿಯ ಪ್ರಕಾರವಾದರೂ ಹೋಗುತ್ತದಾ ಅಂದರೆ ಅದೂ ಇಲ್ಲ. ನೀನು ಕಳಿಸಿದ ಕಂಪ್ಯೂಟರಿನ ಮುಂದೆ ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಅರ್ಧ ಪುಟ ಮಾಡಿದ್ದೆ. ಠಪ್ ಅಂತು. ಎಲ್ಲ ಹೋಯ್ತು. ಹಾಗೆ ಮೂರು ಸಲ.

'ಪ್ರೆಸ್ಸಿನಲ್ಲಿ ಕೂತು ಹೇಳಿ ಬರೆಸು' ಅಂದೆಯಲ್ಲ, ಅಲ್ಲಿಗೆ ನಾನು ಕಾಲಿಡುವುದಿಲ್ಲ. ನಮ್ಮಣ್ಣ ಸತ್ತಾಗ ಆ ಮಹಾನುಭಾವ ಪೋಸ್ಟರಿನಲ್ಲಿ ಸತ್ತವನ ಜಾಗಕ್ಕೆ ನನ್ನ ಫೋಟೋ ಹಾಕಿ ಊರೆಲ್ಲ ಅಂಟಿಸಿದ. ಎರಡು ವಾರ ಜನ ನನ್ನನ್ನು ಕಂಡರೆ ರಸ್ತೆ ದಾಟಿ ಓಡುತ್ತಿದ್ದರು.

ಕರೆಂಟಿಗೆ ಏನಾದರೂ ದಾರಿ ಇದ್ದರೆ ಬರಿ. ಇಲ್ಲದಿದ್ದರೆ ಸುಮ್ಮನಿರು.

ನಿನ್ನ ಮಾವ,
ಯಾವ್ ಬಡು


ಟೆಮಾ
ಏಪ್ರಿಲ್ 18

ಮಾವನಿಗೆ,

ನಿನ್ನ ಕಾಗದ ಮುಟ್ಟಿತು. ಒಂದು ಸಾಲಿಗೆ ಮೂರೇ ಪದ, ಒಟ್ಟು ಹದಿನಾಲ್ಕು ಹಾಳೆ. ಬಸ್ಸಿನವನು ಅದನ್ನು ಪಾರ್ಸೆಲ್ ಅಂದುಕೊಂಡಿದ್ದ.

ದಾರಿ ಇದೆ. ಯುಪಿಎಸ್ ಅಂತ ಒಂದು ಪೆಟ್ಟಿಗೆ ಬರುತ್ತದೆ. ನಮ್ಮ ಬಂದರಿನ ಆಫೀಸಿನಲ್ಲಿ ಪ್ರತಿ ಮೇಜಿನ ಕೆಳಗೂ ಒಂದಿದೆ. ಒಳಗೆ ಬ್ಯಾಟರಿ ಇರುತ್ತದೆ. ಕರೆಂಟು ಹೋದ ಕ್ಷಣ ಅದು ಕಂಪ್ಯೂಟರನ್ನು ಹಿಡಿದುಕೊಳ್ಳುತ್ತದೆ, ಕೀಕೀ ಅಂತ ಕೂಗಿ ಹೇಳುತ್ತದೆ. ಹತ್ತು ನಿಮಿಷ ಸಿಗುತ್ತದೆ. ಬರೆದದ್ದನ್ನು ಉಳಿಸಿ, ಕಂಪ್ಯೂಟರನ್ನು ಸರಿಯಾಗಿ ಮುಚ್ಚುವುದಕ್ಕೆ ಅಷ್ಟು ಸಾಕು. ರಾತ್ರಿಯೆಲ್ಲ ಓಡಲಿ ಅಂತ ದೊಡ್ಡದು ತರಬೇಡ, ಅದು ನಮಗೆ ಬೇಡ. ಅಂಗಡಿಯಲ್ಲಿ 'ಒಂದು ಕಂಪ್ಯೂಟರು, ಒಂದು ಪರದೆ, ಯುಪಿಎಸ್, ಆರುನೂರ ಐವತ್ತು ವಿಎ ಶಕ್ತಿಯದ್ದು' ಅನ್ನು, ಅಷ್ಟೇ. ಅದಕ್ಕೆ ಇಸ್ತ್ರಿಪೆಟ್ಟಿಗೆ, ಕೆಟಲ್ ಚುಚ್ಚಬೇಡ. ಡಬ್ಬದ ಮೇಲೆ ಬರೆದದ್ದನ್ನು ಓದಿಯೇ ತೆಗೆದುಕೋ.

ಅಮ್ಮನನ್ನು ಶವಾಗಾರದಿಂದ ತಂದು ಮಣ್ಣಿಗಿಡುವುದು ಜೂನ್ 27ಕ್ಕೆ. ಪುಸ್ತಕ ನಾನು ಇಲ್ಲೇ ಅಚ್ಚು ಹಾಕಿಸುತ್ತೇನೆ. ಜೂನ್ ಹತ್ತರೊಳಗೆ ನಿನ್ನ ಪುಟ ಬರದಿದ್ದರೆ ಖಾಲಿ ಪುಟಕ್ಕೆ 'ತಮ್ಮ ಯಾವ್ ಬಡು ಅವರಿಂದ' ಅಂತ ತಲೆಬರಹ ಹಾಕಿ ಹಾಗೇ ಬಿಡುತ್ತೇನೆ. ಹೇಳಿದ್ದು ಮಾಡುತ್ತೇನೆ ಅಂತ ನಿನಗೆ ಗೊತ್ತು. ನಾನು ಅವಳ ಮಗಳು.

ಅಂಪೊಮಾ


ಟೆಚಿಮಾನ್
ಏಪ್ರಿಲ್ 27

ಅಂಪೊಮಾ,

ಪೆಟ್ಟಿಗೆ ತಂದೆ. ನಿನ್ನ ಉಪದೇಶದ ಅಗತ್ಯ ಬೀಳಲಿಲ್ಲ.

ನಲವತ್ತೊಂದು ವರ್ಷ ಲಾರಿ ಓಡಿಸಿದವನಿಗೆ ಬ್ಯಾಟರಿ ಆರಿಸಲು ಹೇಳಿಕೊಡುತ್ತೀಯಲ್ಲ! ಬ್ಯಾಟರಿಯನ್ನು ಓದುವುದಲ್ಲ, ಎತ್ತಿ ನೋಡುವುದು. ಒಳಗೆ ಸೀಸ ತುಂಬಿದ್ದರೆ ಸೊಂಟಕ್ಕೆ ಗೊತ್ತಾಗುತ್ತದೆ, ಮೋಸದ ಮಾಲಾದರೆ ಹಗುರ ಇರುತ್ತದೆ. 'ದೇವರ ಕೃಪೆ ಸಾಕು ಎಲೆಕ್ಟ್ರಿಕಲ್ಸ್'ನಲ್ಲಿ ಆರು ಪೆಟ್ಟಿಗೆ ಸಾಲಾಗಿ ಇಟ್ಟಿದ್ದರು. ಆರನ್ನೂ ಒಂದೊಂದಾಗಿ ಎತ್ತಿದೆ.

ಅಂಗಡಿಯಲ್ಲಿ ಮಾವಿಸ್ ಅಂತ ಒಂದು ಹುಡುಗಿ. ಕಿವಿಗೆ ಬಾಗಿಲ ಬಳೆಯಷ್ಟು ದೊಡ್ಡ ಓಲೆ.

'ತಾತ, ನಿಮಗೆ ಬೇಕಾದದ್ದು ಈ ಚಿಕ್ಕದು' ಅಂದಳು.

'ಇದನ್ನು ನನ್ನ ಹೆಂಡತಿ ಕಿರುಬೆರಳಲ್ಲಿ ಎತ್ತುತ್ತಾಳೆ. ಆ ದೊಡ್ಡದು ಕೊಡು.'

'ತಾತ, ಅದು ಬೇರೆ. ಅದು...'

'ನೀನು ಹುಟ್ಟುವ ಮೊದಲು ನಾನು ಬ್ಯಾಟರಿ ನೀರು ಕುಡಿದಿದ್ದೇನೆ ಕಣೇ.' (ಅದು ನಿಜ. 1979ರಲ್ಲಿ, ಶೀಷೆ ತಪ್ಪಿ.)

'ತಾತ, ಡಬ್ಬದ ಮೇಲೆ ಬರೆದಿದೆ, ಸ್ವಲ್ಪ ನೋಡಿ...'

'ಬರೆದದ್ದನ್ನು ನೋಡಿ ಮದುವೆಯಾಗು ನೀನು. ನಾನು ತೂಕ ನೋಡಿ ಆಗುವವನು.'

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ದೊಡ್ಡದನ್ನೇ ಕಟ್ಟಿಕೊಟ್ಟಳು. ಇನ್ನೂ ನಾಲ್ಕು ಮಾತು ಅಂದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಪೆಟ್ಟಿಗೆ ಎಂಥದ್ದು ಅಂತೀಯ! ಮುಂದೆ ಕೆಂಪು ದೀಪ, ಹಸಿರು ದೀಪ, ಮುಳ್ಳಿನ ಮೀಟರು. ಚುಚ್ಚಿದರೆ ಎಂಜಿನ್ ಥರ ಗುಂಯ್ ಅನ್ನುತ್ತದೆ. ಈಗ ಆ ಕರೆಂಟಿನವರು ಬರಲಿ ನೋಡೋಣ.

ನಿನ್ನ ಮಾವ,
ಯಾವ್ ಬಡು


ಟೆಚಿಮಾನ್
ಏಪ್ರಿಲ್ 30

ಅಂಪೊಮಾ,

ಕಳ್ಳತನ ಆಗಿದೆ.

ನಿನ್ನೆ ಮಧ್ಯಾಹ್ನ ಕರೆಂಟು ಹೋಯ್ತು. ನಾನು ಬೀಗುತ್ತಾ ಕೂತಿದ್ದೆ, ಹೋಗಲಿ ಅಂತ. ಕಂಪ್ಯೂಟರಿಗಿಂತ ಮೊದಲು ಪೆಟ್ಟಿಗೆಯೇ ಸತ್ತಿತು! ನಾಲ್ಕು ತಿರುಪು ಬಿಚ್ಚಿ ಒಳಗೆ ಕೈ ಹಾಕಿ ತಡಕಿದೆ. ಬ್ಯಾಟರಿಯೇ ಇಲ್ಲ. ಆ ಹುಡುಗಿ ಬ್ಯಾಟರಿ ಕಿತ್ತುಕೊಂಡು, ತೂಕಕ್ಕೆ ತಾಮ್ರದ ತಂತಿ ಸುತ್ತಿ ತುಂಬಿದ್ದಾಳೆ. ಅದಕ್ಕೇ ಚಿಕ್ಕದು ತಗೋ ಅಂತ ಅಷ್ಟು ಬಡಕೊಂಡಳು, ಇದು ಹೊರಗೆ ಬಂದರೆ ಗುಟ್ಟು ರಟ್ಟಾಗುತ್ತದೆ ಅಂತ. ಸೋಮವಾರ ಪೊಲೀಸ್ ಠಾಣೆಗೆ ಹೋಗುತ್ತೇನೆ.

ಪುಟ ಮತ್ತೆ ಹೋಯ್ತು.

ಯಾವ್ ಬಡು


ಟೆಮಾ
ಮೇ 2

ಮಾವ, ಎಲ್ಲಿದ್ದೀಯೋ ಅಲ್ಲೇ ಇರು. ಠಾಣೆಗೆ ಹೋಗಬೇಡ.

ನೀನು ತಂದದ್ದು ಸ್ಟೆಬಿಲೈಸರ್. ಅದು ಕರೆಂಟು ಏರಿದರೆ ಇಳಿಸುತ್ತದೆ, ಇಳಿದರೆ ಏರಿಸುತ್ತದೆ. ಕರೆಂಟೇ ಇಲ್ಲದಾಗ ಅದಕ್ಕೆ ಕೆಲಸವೂ ಇಲ್ಲ. ಅದರಲ್ಲಿ ಬ್ಯಾಟರಿ ಇರುವುದೇ ಇಲ್ಲ, ತಂತಿಯೇ ಇರಬೇಕು. ಯಾರೂ ಕದ್ದಿಲ್ಲ. ಆ ಹುಡುಗಿ ನಿನಗೆ ಇದನ್ನೇ ಹೇಳುತ್ತಿದ್ದಳು.

ಇದನ್ನು ಓದಿ ಮೊದಲು ನಕ್ಕೆ. ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ, ಅವರೂ ನಕ್ಕರು. ಆಮೇಲೆ ನಗು ನಿಂತುಹೋಯ್ತು. ಸ್ಟೆಬಿಲೈಸರ್ ಅಂತ ಆ ಡಬ್ಬದ ನಾಲ್ಕೂ ಬದಿಗೆ ಅಂಗೈಯಗಲದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನೀನು ಆರನೇ ಇಯತ್ತೆಗೆ ಶಾಲೆ ಬಿಟ್ಟಿರಬಹುದು, ಆದರೆ ರಸ್ತೆಯ ಬೋರ್ಡು, ಪೇಪರು, ಬೈಬಲ್ಲು ಎಲ್ಲ ಓದುತ್ತಿದ್ದವನು. ನನಗೆ ಅಕ್ಷರ ಕಲಿಸಿದ್ದೇ ನೀನು, ಲಾರಿಯ ಹಿಂದೆ ಬರೆದದ್ದನ್ನು ತೋರಿಸಿ.

ಮಾವ, ನಿನಗೆ ಎಷ್ಟು ಕಾಣಿಸುತ್ತದೆ?

ಅಮ್ಮ ಆ ದಿನ ಲಾರಿ ಮಾಲೀಕ ಅಮಂಕ್ವಾನ ಮನೆಗೆ ಹೋಗಿ 'ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ, ಅವನ ಕೈಯಿಂದ ಕೀ ತಗೋ' ಅಂದದ್ದಕ್ಕೆ ನೀನು ಮೂರು ವರ್ಷ ಅವಳ ಅಂಗಳ ತುಳಿಯಲಿಲ್ಲ. 'ಸುಳ್ಳು ಹೇಳಿ ನನ್ನ ಅನ್ನ ಕಿತ್ತಳು' ಅಂತ ಊರಿಗೆಲ್ಲ ಸಾರಿದೆ. ಅವಳು ಹೇಳಿದ್ದು ಸುಳ್ಳಾಗಿತ್ತಾ?

ಈ ಕಾಗದವನ್ನು ದೊಡ್ಡಕ್ಷರದಲ್ಲಿ ಬರೆದಿದ್ದೇನೆ.

ಅಂಪೊಮಾ


ಟೆಚಿಮಾನ್
ಮೇ 17

ಅಂಪೊಮಾ,

ತಡವಾಯ್ತು. ಕೆಲಸ ಇತ್ತು.

ಸ್ಟೆಬಿಲೈಸರ್ ವಾಪಸು ಮಾಡಬೇಕಿತ್ತು. ಅಷ್ಟೆಲ್ಲ ಅಂದ ಮೇಲೆ ನಾನೇ ಹೇಗೆ ಹೋಗಲಿ? ತಪ್ಪು ಮಾಡಿದವನ ಪರವಾಗಿ ಇನ್ನೊಬ್ಬ ಬೇಡಬೇಕು, ಕ್ರಮ ಅಂತ ಒಂದಿದೆಯಲ್ಲ. ಲಾರಿ ಸ್ಟ್ಯಾಂಡಿನ ಓಸೆಯ್‌ನನ್ನು ಕರೆದುಕೊಂಡು, ಎರಡು ಬಾಟಲಿ ಮಾಲ್ಟ್ ಪಾನೀಯ ಹಿಡಿದು ಹೋದೆ. ನಾನು ಅಂಗಡಿಯ ಹೊರಗೆ ಬೆಂಚಿನ ಮೇಲೆ ಕೂತೆ. ನನ್ನ ಪರವಾಗಿ ಓಸೆಯ್ ಒಳಗೆ ಹೋಗಿ ಬೇಡಿಕೊಂಡ. ಅವನ ಗಂಟಲು ನಿನಗೆ ಗೊತ್ತಲ್ಲ, ಬಸ್ಸು ತುಂಬಿಸಿದ ಗಂಟಲು. ಅರ್ಧ ಮಾರ್ಕೆಟ್ಟಿಗೆ ಕೇಳಿಸಿತು.

'ತಾಯೀ ಮಾವಿಸ್! ನಮ್ಮ ಮುದುಕ ಕತ್ತೆ! ವಯಸ್ಸಾಗಿದೆ! ನಾಲಿಗೆಗೆ ಬ್ರೇಕ್ ಇಲ್ಲ! ಅವನ ಪರವಾಗಿ ನಾನು ಕಾಲು ಹಿಡಿಯುತ್ತೇನೆ!'

'ಕತ್ತೆ ಅನ್ನು ಅಂತ ನಾನು ಹೇಳಿರಲಿಲ್ಲ' ಅಂತ ಹೊರಗಿನಿಂದ ಕೂಗಿದೆ.

'ಬೇಡಿಕೊಳ್ಳೋನು ನಾನೋ ನೀನೋ? ಬಾಯ್ಮುಚ್ಕೊಂಡು ಕೂತ್ಕೋ!'

ಅವಳು ಮಾಲ್ಟ್ ತಗೊಂಡಳು. ಆದರೆ ಒಂದು ಷರತ್ತು ಹಾಕಿದಳು: ಸ್ಟೆಬಿಲೈಸರ್ ಅಂದರೆ ಏನು, ಯುಪಿಎಸ್ ಅಂದರೆ ಏನು ಅಂತ ನಾನು ಅಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳಿದೆ. ಶಾಲೆ ಬಿಟ್ಟ ಮೇಲೆ ಅದೇ ಮೊದಲು ನಾನು ಪಾಠ ಒಪ್ಪಿಸಿದ್ದು. 'ಕೈ ಕಟ್ಟಿಕೊಂಡು ಹೇಳಿ ತಾತ' ಅಂದಳು. ಕಟ್ಟಿಕೊಂಡೆ.

ಬಿಚ್ಚಿದ ತಿರುಪು ಹಾಕಿಕೊಟ್ಟರೆ ವಾಪಸು ತಗೋತೀನಿ ಅಂದಳು. ಹಾಕಲು ಕೂತೆ. ತಿರುಪು ಬಿತ್ತು. ಹುಡುಕಿದೆ, ಸಿಗಲಿಲ್ಲ. ಅದು ನನ್ನ ಕಾಲಿನ ಪಕ್ಕದಲ್ಲೇ ಇತ್ತಂತೆ. ಅವಳು ಬಂದು ಎತ್ತಿಕೊಂಡು, ನಾಲ್ಕನ್ನೂ ತಾನೇ ಹಾಕಿದಳು. ಆಮೇಲೆ ಯುಪಿಎಸ್ಸಿನ ಡಬ್ಬ ತಂದು, ನಾನು ಕೇಳದೇ ಇದ್ದರೂ, ಅದರ ಮೇಲಿದ್ದ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿದಳು. ಹಿಂದೆ ಎರಡು ಥರದ ತೂತುಗಳಿವೆ, ಬ್ಯಾಟರಿ ಕೆಲಸ ಮಾಡುವುದು ಒಂದು ಸಾಲಿಗೆ ಮಾತ್ರ ಅಂತ ಹೇಳಿ, ನನ್ನ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟಳು.

ಬಾಯಿ ಜೋರು. ಹುಡುಗಿ ಒಳ್ಳೆಯವಳು.

ನೀನು ಕೇಳಿದ ಇನ್ನೊಂದು ವಿಷಯಕ್ಕೆ ಈಗ ಪುರುಸೊತ್ತಿಲ್ಲ.

ನಿನ್ನ ಮಾವ,
ಯಾವ್ ಬಡು


ಟೆಚಿಮಾನ್
ಮೇ 28

ಅಂಪೊಮಾ,

ಯುಪಿಎಸ್ ಕೆಲಸ ಮಾಡುತ್ತದೆ. ಕರೆಂಟು ಹೋದರೆ ಮರಿ ಕಳಕೊಂಡ ಮೇಕೆಯ ಥರ ಅರಚುತ್ತದೆ, ಆದರೆ ಕಂಪ್ಯೂಟರ್ ಕಣ್ಣು ಮಿಟುಕಿಸುವುದಿಲ್ಲ.

ವಿಷಯ ಬೀದಿಗೆಲ್ಲ ಹಬ್ಬಿದೆ. 'ಬಡು ಮನೆಯಲ್ಲಿ ಕರೆಂಟು ಹೋಗಲ್ಲವಂತೆ' ಅಂತ ಜನ ಫೋನು ಹಿಡಿದು ಚಾರ್ಜಿಗೆ ಬರುತ್ತಾರೆ. 'ಹತ್ತೇ ನಿಮಿಷ ಕಣ್ರೋ' ಅಂದರೆ 'ಪರವಾಗಿಲ್ಲ, ಹತ್ತು ನಿಮಿಷದಷ್ಟೇ ಹಾಕು' ಅಂತಾರೆ. ನಿನ್ನತ್ತೆ ನಿನ್ನೆ ಇಸ್ತ್ರಿಪೆಟ್ಟಿಗೆ ಚುಚ್ಚಿಬಿಟ್ಟಳು, ಸಂಸ್ಕಾರಕ್ಕೆ ಉಡುವ ಕಪ್ಪು ಬಟ್ಟೆಗೆ. ಅದು ಒಮ್ಮೆ ಕಿರುಚಿ ಪ್ರಾಣ ಬಿಟ್ಟಿತು. ಮಾವಿಸ್ ಬಂದು ಹಿಂದಿನ ಗುಂಡಿ ಒತ್ತಿ ಬದುಕಿಸಿದಳು. 'ಅಜ್ಜೀ, ಮೊದಲು ತಾತ, ಈಗ ನೀವಾ?' ಅಂದಳು.

ಹೀಗಾಗಿ ಸಮಯ ಸಿಕ್ಕಿಲ್ಲ.

ಯಾವ್ ಬಡು


ಟೆಮಾ
ಜೂನ್ 1

ಮಾವ,

ಪುಟ?

ಅಂಪೊಮಾ


ಟೆಚಿಮಾನ್
ಜೂನ್ 8

ಅಂಪೊಮಾ,

ಈ ಕವರಿನಲ್ಲಿ ಪೆನ್‌ಡ್ರೈವ್ ಇದೆ. ಪುಟ ಅದರಲ್ಲಿದೆ. ಬಸ್ಸಿನವನಿಗೆ ಮೊಬೈಲ್ ಬ್ಯಾಟರಿ ಅಂತ ಹೇಳಿದ್ದೇನೆ, ಇಲ್ಲದಿದ್ದರೆ ಹಾಡು ಹಾಕಿಕೊಂಡು ಕೇಳುತ್ತಾ ಬರುತ್ತಾನೆ.

ನಿಜ ಹೇಳುತ್ತೇನೆ. ಹಿಂದೆ ಮೂರು ಸಲ ಅರ್ಧ ಪುಟ ಹೋಯ್ತು ಅಂದೆನಲ್ಲ, ಹೋದದ್ದು ಅರ್ಧ ಪುಟ ಅಲ್ಲ. ಅವಳ ಹೆಸರು, ಹುಟ್ಟಿದ ವರ್ಷ, ಅಷ್ಟೇ. ಕರೆಂಟು ಹೋದಾಗ ಒಳಗೊಳಗೇ ಸಮಾಧಾನ ಆಗುತ್ತಿತ್ತು. ಈ ಯುಪಿಎಸ್ ಬಂದ ಮೇಲೆ ಆ ಸುಖವೂ ಹೋಯ್ತು. ಆರು ದಿನ ಅದರ ಮುಂದೆ ಕೂತೆ. ಅಕ್ಷರವನ್ನು ಕೋಳಿಮೊಟ್ಟೆಯಷ್ಟು ಮಾಡಿಕೊಂಡು ಕೂತೆ.

ಇವತ್ತು ಊಟಕ್ಕೆ ಮುಂಚೆ ಕರೆಂಟು ಹೋಯ್ತು. ಪೆಟ್ಟಿಗೆ ಅರಚಲು ಶುರು ಮಾಡಿತು. ಹತ್ತು ನಿಮಿಷ ಅಂತ ಗೊತ್ತಿದ್ದರೆ ಮನುಷ್ಯನಿಗೆ ಏನೋ ಆಗುತ್ತದೆ. ಕುಟ್ಟಿದೆ. ಉಳಿಸಿದೆ. ಮುಚ್ಚಿದೆ. ಮುಗೀತು.

ಯಾವ್ ಬಡು


ಟೆಮಾ
ಜೂನ್ 11

ಮಾವನಿಗೆ,

ಓದಿದೆ. ಐದು ಸಾಲು.

'ಅಕ್ಕ ಅಫ್ರಿಯೆ ಒಳ್ಳೆಯ ಹೆಂಗಸು. ಎಲ್ಲರಿಗೂ ಉಪಕಾರಿ. ಕಷ್ಟಪಟ್ಟು ದುಡಿದಳು. ದೇವಭಕ್ತೆ. ಅವಳ ಆತ್ಮಕ್ಕೆ ಶಾಂತಿ ಸಿಗಲಿ.'

ಟೊಮೆಟೊ ಸಂಘದವರು ಇದಕ್ಕಿಂತ ಹೆಚ್ಚು ಬರೆದಿದ್ದಾರೆ. ಸಂಘದ ಕಾರ್ಯದರ್ಶಿ ಅಮ್ಮನನ್ನು ನೋಡಿದ್ದು ಎರಡೇ ಸಲ. ನಿನ್ನನ್ನು ಅವಳು ಬೆನ್ನಿಗೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ನಿನ್ನ ಲೈಸೆನ್ಸಿಗೆ ತನ್ನ ಓಲೆ ಮಾರಿದಳು.

ನನಗೆ ಹೊಗಳಿಕೆ ಬೇಡ. ಒಂದೇ ಒಂದು ವಿಷಯಕ್ಕೆ ಉತ್ತರ ಬೇಕು. ಏನು ಅಂತ ನಿನಗೆ ಗೊತ್ತು. ಆ ಮೂರು ವರ್ಷ ಅಮ್ಮ ಪ್ರತಿ ಭಾನುವಾರ ಊಟಕ್ಕೆ ಮರಗೆಣಸು ಬೇಯಿಸಿ ಫುಫು ಕುಟ್ಟುವಾಗ ಒಂದು ಉಂಡೆ ಹೆಚ್ಚು ಮಾಡುತ್ತಿದ್ದಳು. ಸಂಜೆಯಾದ ಮೇಲೆ ಅದನ್ನು ಯಾರಿಗಾದರೂ ಕೊಡುತ್ತಿದ್ದಳು. ಯಾರಿಗಾಗಿ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಗಡುವು ಮುಗಿಯಿತು. ನಿನ್ನ ಐದು ಸಾಲನ್ನು ಇದ್ದ ಹಾಗೇ ಅಚ್ಚಿಗೆ ಕೊಟ್ಟಿದ್ದೇನೆ. ಇಪ್ಪತ್ತೇಳಕ್ಕೆ ನಿಂತು ಅದನ್ನೇ ಓದು.

ಅಂಪೊಮಾ


ಟೆಚಿಮಾನ್
ಜುಲೈ 3

ಅಂಪೊಮಾ,

ಮೊನ್ನೆ ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹಾಕಿ ಕೇಳಿದೆಯಲ್ಲ, 'ಮಾವ, ಪುಸ್ತಕ ತಲೆಕೆಳಗಾಗಿ ಹಿಡಿದದ್ದು ಬೇಕಂತಲೇ ತಾನೆ?' ಅಂತ. ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೋಯ್ತು. ಊರಿನವರೂ ಹಾಗೇ ಅಂತಾರೆ, ಬಡು ಏನು ನಾಟಕ ಕಟ್ಟಿದ ನೋಡು ಅಂತ. ನಾನು ಹೇಳಿದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾ ತಿರುಗುತ್ತಿದ್ದಾರೆ. ಓಸೆಯ್ ಬಾಯಲ್ಲಂತೂ ನಾನು ಹತ್ತು ಹನಿ ಕಣ್ಣೀರು ಸುರಿಸಿದೆನಂತೆ. ಅದಕ್ಕೆ ನಡೆದದ್ದು ನಡೆದ ಹಾಗೆ ಬರೆದಿಡುತ್ತೇನೆ. ನಾಟಕ ಅಲ್ಲ. ತಲೆಕೆಳಗಾಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಪಾದ್ರಿ ಹೆಸರು ಕೂಗಿದ. ಎದ್ದೆ. ಪುಸ್ತಕ ತೆರೆದೆ. ಬಿಳಿ ಹಾಳೆಯ ಮೇಲೆ ಹೊಗೆ. ಮನೆಯಲ್ಲಿ ನಿನ್ನ ಕಾಗದವನ್ನು ಓದುವ ಹಾಗೆ ಮೂಗಿಗೆ ಹಚ್ಚಿ ಒಂದೊಂದೇ ಅಕ್ಷರ ಹುಡುಕಲು ಅಷ್ಟು ಜನರ ಮುಂದೆ ಆಗುತ್ತದಾ? ಯೋಚನೆ ಇರಲಿಲ್ಲ, ಐದು ಸಾಲು ಬಾಯಿಗೆ ಬರುತ್ತಿತ್ತು, ಓದುವವನ ಥರ ಒಪ್ಪಿಸಿ ಕೂರುವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿದ್ದೆ. 'ಅಕ್ಕ ಅಫ್ರಿಯೆ' ಅನ್ನುವಷ್ಟರಲ್ಲಿ ಮುಂದೆ ಕೂತವರು ಕಿಸಕ್ ಅಂದರು. ಯಾಕೆ ಅಂತ ತಿಳಿಯಲಿಲ್ಲ. ಯಾರೋ ಹತ್ತಿರ ಬಂದು ನನ್ನ ಕೈಯಿಂದ ಪುಸ್ತಕ ತೆಗೆದು, ತಿರುಗಿಸಿ, ಮತ್ತೆ ಕೈಗಿಟ್ಟರು. ಅಮಂಕ್ವಾ! ಅಷ್ಟು ಜನರಲ್ಲಿ ಅವನೇ ಬರಬೇಕಾ! ಕಿವಿಯ ಹತ್ತಿರ ಮೆಲ್ಲಗೆ, 'ಬಡು, ಈಗ ಕಾಣುತ್ತಾ?' ಅಂದ.

'ಇಲ್ಲ' ಅಂದೆ.

ಮೈಕು ಬಾಯಿಯ ಮುಂದೆ ಇತ್ತು.

ನಗು ನಿಂತಿತು. ಇನ್ನೇನು ಉಳಿದಿತ್ತು ಮುಚ್ಚಿಡಲು? ನಾನು ಹೇಳಿದ್ದು ಇಷ್ಟು, ಇದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ:

'ಕಾಣುವುದಿಲ್ಲ. ಆಗಲೂ ಕಾಣುತ್ತಿರಲಿಲ್ಲ. ಕಿಂಟಾಂಪೊ ತಿರುವಿನಲ್ಲಿ ಒಂದು ಹಸುವನ್ನು ಟ್ರಾಫಿಕ್ ಪೊಲೀಸ್ ಅಂದುಕೊಂಡು ಲಾರಿ ನಿಲ್ಲಿಸಿ, ಇಳಿದು, ಲೈಸೆನ್ಸ್ ತೋರಿಸಿದ್ದೇನೆ. ಯಾರಿಗೂ ಹೇಳಲಿಲ್ಲ, ಅಕ್ಕನಿಗೆ ಮಾತ್ರ ಹೇಳಿದೆ, ನಗಲಿ ಅಂತ. ಅವಳು ನಗಲಿಲ್ಲ. ಮರುದಿನ ಹೋಗಿ ಕೀ ತೆಗೆಸಿದಳು. ಅವಳು ಹೇಳಿದ್ದು ನಿಜ. ಸುಳ್ಳು ಹೇಳಿದವನು ನಾನು. ಇದನ್ನು ಅವಳ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಆ ವರ್ಷ ನನ್ನ ಲಾರಿ ಹತ್ತಿ ಮಾರ್ಕೆಟ್ಟಿಗೆ ಹೋಗುತ್ತಿದ್ದಿರಿ. ಇವತ್ತು ಇಲ್ಲಿ ಕೂತು ನನ್ನನ್ನು ನೋಡಿ ನಗುವುದಕ್ಕೆ ನೀವು ಇದ್ದೀರಲ್ಲ, ಅದಕ್ಕೆ ಅವಳಿಗೆ ಕೈ ಮುಗಿಯಿರಿ.'

ಆಮೇಲೆ ಹಸುವಿನ ವಿಷಯಕ್ಕೆ ಯಾರೋ ಒಬ್ಬರು ನಕ್ಕರು. ಅದು ನೀನೇ ಅಂತ ಧ್ವನಿಯಲ್ಲಿ ಗೊತ್ತಾಯ್ತು. ನಗು ಹಾಗೇ ಅಳುವಾಯಿತು, ಅದೂ ಗೊತ್ತಾಯ್ತು.

ಇದನ್ನು ಕಂಪ್ಯೂಟರಿನಲ್ಲೇ ಕುಟ್ಟಿದ್ದೇನೆ, ಮಾವಿಸ್ ತಪ್ಪು ನೋಡಿಕೊಟ್ಟಳು. ಪುಸ್ತಕ ಹಂಚಿ ಆಗಿದೆ, ಈಗೇನೂ ಮಾಡಲಾಗದು ಅಂತ ಗೊತ್ತು. ಆದರೂ ನಿನ್ನ ಪ್ರತಿಯಲ್ಲಿ ಆ ಐದು ಸಾಲಿನ ಮೇಲೆ ಈ ಹಾಳೆ ಅಂಟಿಸಿಕೋ.

ಟೆಮಾದ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಹೆಸರು ಬರೆಸಿದ್ದೀಯಲ್ಲ, ಹನ್ನೆರಡನೇ ತಾರೀಖಿಗೆ ಬರುತ್ತೇನೆ. ಡ್ರೈವರಿಗೆ ಹೇಳಿ ನನಗೆ ಕಟ್ಟಕಡೆಯ ಸೀಟು ಕೊಡಿಸು. ಮುಂದೆ ಕೂರಿಸಿದರೆ ಟೆಮಾ ತನಕ ಅವನಿಗೆ ನಾನೇ ದಾರಿ ಹೇಳುತ್ತೇನೆ.

ನಿನ್ನ ಅಮ್ಮನ ತಮ್ಮ,
ಯಾವ್ ಬಡು